ಹೆಗಲ ಮೇಲಿನ ಕೈ

ನಮ್ಮ ಊರಿನ ಟಾಂಗಾದವನು ಎಲ್ಲಿಗೆ ಹೋಗಬೇಕೆಂದು ಮೊದಲು ಕೇಳುವುದಿಲ್ಲ, ಹೇಳುವುದೇನಾದರೂ ಉಳಿದಿದೆಯೇ ಎಂದು ಕೇಳುತ್ತಾನೆ. ಉಳಿದಿದ್ದರೆ ಅಲ್ಲೇ ಬೇವಿನ ಗಿಡದ ಕೆಳಗೆ ನಿಂತವರಲ್ಲಿ ಯಾರಿಗಾದರೂ ಹೇಳಿ ಹತ್ತಬೇಕು. ಇಲ್ಲವಾದರೆ ಕುದುರೆ ಸೇತುವೆಯ ಏರಿನಲ್ಲಿ ನಿಂತುಬಿಡುತ್ತದೆ. ಮೈಯ ತೂಕ ನಮ್ಮ ಊರಿನ ಯಾವ ತಕ್ಕಡಿಗೂ ತಿಳಿಯದು. ಮದುವೆಯ ಅಡುಗೆಗೆ ಹೋಗುವ ರಾಚಯ್ಯ ಬಾಗಿಲಲ್ಲಿ ಅಡ್ಡ ತಿರುಗಿ ನುಗ್ಗಬೇಕಾದಂಥ ಆಳು, ತಕ್ಕಡಿಯಲ್ಲಿ ಕೂತರೆ ಹತ್ತಿಯ ಎಳೆಯಷ್ಟೂ ತೂಗುವುದಿಲ್ಲ. ಕಚೇರಿಯ ಗುಮಾಸ್ತನೊಬ್ಬ, ಗಾಳಿ ಬಂದರೆ ಹಾರಿಹೋಗುವಂತಿದ್ದವನು, ಕೂತ ತಕ್ಷಣ ತಟ್ಟೆ ನೆಲಕ್ಕೆ ಬಡಿಯಿತು. ಒಳಗೆ ಇಟ್ಟುಕೊಂಡು ಯಾರಿಗೂ ಹೇಳದ ಮಾತಷ್ಟೇ ಇಲ್ಲಿ ಭಾರ. ಹೀಗಾಗಿ ಹೆಣ್ಣಿನ ಮನೆಯವರು ನೋಡಲು ಬಂದ ಹುಡುಗನನ್ನು ನೂಲಿನ ಮಂಚದ ಮೇಲೆ ಕೂರಿಸುತ್ತಾರೆ. ಮಾವನಾಗುವವನು ಬಿದ್ದ ಅಡಕೆಯನ್ನು ಹುಡುಕುವ ನೆವದಲ್ಲಿ ಬಗ್ಗಿ, ಮಂಚ ಎಷ್ಟು ಜೋತಿದೆ ಎಂದು ನೋಡುತ್ತಾನೆ.

ನಾನು ರೂತಮ್ಮ. ಹೆಂಗಸರ ಜೈಲಿಗೆ ಪ್ರಾರ್ಥನೆಗೆ ಹೋಗುವವಳು. ಹನ್ನೊಂದು ವರ್ಷವಾಯಿತು. ಅಕ್ಷರ ಕಲಿತದ್ದು ನಲವತ್ತೆರಡನೇ ವಯಸ್ಸಿನಲ್ಲಿ, ನಮ್ಮ ಕ್ರೈಸ್ತ ದೇವಾಲಯದ ಜಗುಲಿಯಲ್ಲಿ ನಡೆಯುತ್ತಿದ್ದ ರಾತ್ರಿ ಶಾಲೆಯಲ್ಲಿ. ನಾಲ್ಕು ಮನೆಯ ಮುಸುರೆ ತಿಕ್ಕಿ ಬಂದ ಕೈಯಲ್ಲಿ ಬಳಪ ಹಿಡಿದು ಕಲಿತವಳು ನಾನು. ಈಗಲೂ ಸಾಲಿನ ಕೆಳಗೆ ಬೆರಳಿಟ್ಟೇ ಓದುತ್ತೇನೆ. ನಮ್ಮ ಸಭೆಯವರು ಆಸ್ಪತ್ರೆಗೆ, ಕುಷ್ಠರೋಗಿಗಳ ಕೇರಿಗೆ ಎಂದು ಒಬ್ಬೊಬ್ಬರನ್ನು ನೇಮಿಸುವಾಗ ಜೈಲಿಗೆ ಯಾರೂ ಕೈಯೆತ್ತಲಿಲ್ಲ. ನಾನು ಎತ್ತಿದೆ. ಮಂಗಳವಾರ, ಶುಕ್ರವಾರ ಹೋಗುತ್ತೇನೆ. ಒಂದು ಕೀರ್ತನೆ ಹಾಡುವುದು, ನಾಲ್ಕು ಸಾಲು ಓದುವುದು, ಆಮೇಲೆ ಮೊರ ಹಿಡಿದು ಅವರ ಜೊತೆ ಜೋಳ ಹಸನು ಮಾಡುತ್ತ ಕೂರುವುದು. ಯಾರ ದೇವರನ್ನೂ ಬದಲಿಸಲು ಹೋದವಳಲ್ಲ ನಾನು. ಕಲ್ಲು ಆರಿಸುತ್ತ ಆರಿಸುತ್ತ ಅವರು ಮಾತಾಡುತ್ತಾರೆ, ನಾನು ಕೇಳುತ್ತೇನೆ. ಅವರು ಹೇಳಿದ್ದನ್ನೆಲ್ಲ ಸಂಜೆ ಪ್ರಾರ್ಥನೆಯಲ್ಲಿ ಇಳಿಸಿಬಿಡುತ್ತೇನೆ, ಅದರಿಂದ ನನ್ನ ಮಂಚ ಜೋಲುವುದಿಲ್ಲ.

ಜೈಲಿನಲ್ಲಿ ಏಳು ಕೋಣೆ, ನಡುವೆ ಒಂದು ಅಂಗಳ. ಅಂಗಳದ ಮಧ್ಯೆ ಎರಡು ಕಲ್ಲುಕಂಬಗಳ ನಡುವೆ ತಕ್ಕಡಿ ತೂಗುಹಾಕಿದೆ. ಒಂದು ತಟ್ಟೆಯಲ್ಲಿ ತೆಂಗಿನಕಾಯಿ ಗಾತ್ರದ ಕರಿಕಲ್ಲು ವರ್ಷವಿಡೀ ಕೂತಿರುತ್ತದೆ. ಅದಕ್ಕೆ ಬಿಡುಗಡೆ ಕಲ್ಲು ಎನ್ನುತ್ತಾರೆ. ಇನ್ನೊಂದು ಹಲಗೆಯ ತಟ್ಟೆಯನ್ನು ನೆಲದ ಗೂಟಕ್ಕೆ ಕೊಕ್ಕೆ ಹಾಕಿ ಹಿಡಿದಿಟ್ಟಿರುತ್ತಾರೆ. ನಮ್ಮ ನ್ಯಾಯಾಧೀಶರು ವರ್ಷಗಳ ಲೆಕ್ಕದಲ್ಲಿ ಶಿಕ್ಷೆ ಕೊಡುವುದಿಲ್ಲ, ತಕ್ಕಡಿಗೆ ಒಪ್ಪಿಸುತ್ತಾರೆ ಅಷ್ಟೆ. ಸುಗ್ಗಿ ಮುಗಿದ ಮೊದಲ ಸೋಮವಾರ ತೂಕದ ದಿನ. ಹೆಂಗಸು ತಟ್ಟೆಯಲ್ಲಿ ಕೂರಬೇಕು, ಕೊಕ್ಕೆ ಬಿಚ್ಚಬೇಕು. ಕಲ್ಲು ಅವಳನ್ನು ಮೇಲೆತ್ತಿದರೆ ಬಾಗಿಲು ತೆರೆಯುತ್ತದೆ, ಎತ್ತದಿದ್ದರೆ ಮುಂದಿನ ಸುಗ್ಗಿಯವರೆಗೆ ಒಳಗೆ. ಹಾಗಾದರೆ ಎಲ್ಲ ಹೇಳಿಬಿಟ್ಟು ಒಂದೇ ವರ್ಷದಲ್ಲಿ ಹೊರಗೆ ಬರಬಹುದಲ್ಲ, ಭಾರೀ ಸುಲಭ ಎಂದು ಹೊರಗಿನಿಂದ ಬಂದವರು ನಗುತ್ತಾರೆ. ಅವರು ತಮ್ಮದನ್ನು ಒಮ್ಮೆ ಹೇಳಿ ನೋಡಲಿ.

ಇನ್ನೊಂದು ಪದ್ಧತಿ ಇದೆ, ಈ ಕಥೆಗೆ ಅದೇ ಮುಖ್ಯ. ಕೊಕ್ಕೆ ಬಿಚ್ಚಿದಾಗ ತಟ್ಟೆ ಓಲಾಡುತ್ತದೆ. ಹಿಂದೆ ಯಾವಳೋ ಒಬ್ಬಳು ಬಿದ್ದು ಸೊಂಟ ಮುರಿದುಕೊಂಡಳಂತೆ. ಅಂದಿನಿಂದ, ತಕ್ಕಡಿ ನಿಲ್ಲುವ ತನಕ ವಾರ್ಡರ್ ಬಾಯಿ, ಅಂದರೆ ಕಾವಲಿನ ಹೆಂಗಸು, ಕೈದಿಯ ಹೆಗಲ ಮೇಲೆ ಕೈಯಿಟ್ಟಿರಬೇಕು ಎಂದು ನಿಯಮದ ಪುಸ್ತಕದಲ್ಲಿ ಬರೆದಿದೆ. ಇಪ್ಪತ್ತು ವರ್ಷ ಆ ಕೈ ಸೀತವ್ವನದಾಗಿತ್ತು. ಸೀತವ್ವನೆಂದರೆ ಬಾಯಿಗೆ ಬೀಗವಿಲ್ಲದ ಹೆಂಗಸು. ಬೆಳಿಗ್ಗೆ ಗಂಡನೊಡನೆ ಆದ ಜಗಳ ಮಧ್ಯಾಹ್ನಕ್ಕೆ ಏಳೂ ಕೋಣೆಗೆ ಗೊತ್ತು, ಸಂಜೆಗೆ ಪೇಟೆಗೆ ಗೊತ್ತು. ಅವಳ ಕಾಲದಲ್ಲಿ ಪ್ರತಿ ಸುಗ್ಗಿಗೆ ಇಬ್ಬರೋ ಮೂವರೋ ಮೇಲೆದ್ದು ಮನೆಗೆ ಹೋಗುತ್ತಿದ್ದರು. ನಾಲ್ಕು ವರ್ಷದ ಹಿಂದೆ ಅವಳು ನಿವೃತ್ತಳಾದಳು, ಅವಳ ಜಾಗಕ್ಕೆ ತುಂಗಾಬಾಯಿ ಬಂದಳು.

ತುಂಗಾಬಾಯಿ ಮಾತಿನವಳಲ್ಲ. ನೆಟ್ಟಗೆ ನಿಂತಿರುತ್ತಾಳೆ, ಲಾಠಿ ಕಂಕುಳಲ್ಲಿ. ಅವಳು ಕೂತದ್ದನ್ನು ಯಾರೂ ನೋಡಿದವರಿಲ್ಲ. ಅದು ಶಿಸ್ತು ಎಂದು ಸಾಹೇಬರು ಮೆಚ್ಚಿಕೊಂಡಿದ್ದರು. ಮನೆಗೆ ಹೋಗುವಾಗಲೂ ಟಾಂಗಾ ಹತ್ತುವುದಿಲ್ಲ, ಎರಡು ಮೈಲಿ ನಡೆಯುತ್ತಾಳೆ. ಅವಳು ದಿನಾ ನಿಲ್ಲುವ ಬಾಗಿಲ ಮೆಟ್ಟಿಲು ಒಂದು ವರ್ಷದಲ್ಲಿ ಬಿರುಕು ಬಿಟ್ಟಾಗ ಎಲ್ಲರೂ ಕಲ್ಲು ಕೂರಿಸಿದ ಗೌಂಡಿಯನ್ನು ಬೈದರು. ಅವಳು ಬಾಯಿ ಬಿಡುತ್ತಿದ್ದದ್ದು ಒಂದೇ ವಿಷಯಕ್ಕೆ, ನೀರಿಗೆ. ಬಿಂದಿಗೆ ತುಂಬಿಸಿ ತುಂಬಿಸಿ ಇಡುವಳು, ಹೊತ್ತಿಗೊಮ್ಮೆ ಎಲ್ಲರೂ ಕುಡಿಯಬೇಕೆಂದು ಗದರುವಳು. ಶಿಕ್ಷೆ ಮುಗಿಯುವುದರೊಳಗೆ ಈ ಬಾಯಿ ನಮ್ಮನ್ನು ಮುಳುಗಿಸಿಯೇ ಕೊಲ್ಲುತ್ತಾಳೆ ಎಂದು ಹೆಂಗಸರು ನಗುತ್ತಿದ್ದರು. ಅವಳು ಬಂದ ಮೇಲೆ ಮೂರು ಸುಗ್ಗಿ ಕಳೆದವು. ಮೂರರಲ್ಲೂ ಕಲ್ಲು ಒಬ್ಬಳನ್ನೂ ಎತ್ತಲಿಲ್ಲ.

ಊರಿನವರು ಅದಕ್ಕೆ ತಮಗೆ ತೋಚಿದ ಕಾರಣ ಕೊಟ್ಟರು. ಈಗಿನ ಹೆಂಗಸರು ಹಿಂದಿನವರಷ್ಟು ಬಾಯಿಬಿಚ್ಚುವವರಲ್ಲ ಎಂದರು ಕೆಲವರು. ಸಭೆಯ ಹಿರಿಯರಲ್ಲಿ ಒಬ್ಬರು, ಬೆರಳಿಟ್ಟು ಓದುವವಳ ಪ್ರಾರ್ಥನೆ ಎಲ್ಲಿಯ ತನಕ ಮುಟ್ಟೀತು, ಕಾಲೇಜು ಓದಿದ ಯಾರನ್ನಾದರೂ ಕಳಿಸೋಣ ಎಂದರಂತೆ. ಜೈಲಿನ ಸೂಪರಿಂಟೆಂಡೆಂಟ್ ಕಟಗೇರಿ ಸಾಹೇಬರು ನಗುತ್ತಲೇ, ನಿಮ್ಮ ಪ್ರಾರ್ಥನೆಗೆ ಎಣ್ಣೆ ಹಾಕಿಸಬೇಕು ನೋಡ್ರಿ ಅಮ್ಮಾರ ಎಂದರು. ನಾನೂ ನಕ್ಕೆ. ಮನೆಗೆ ಬಂದು ಮೊಣಕಾಲೂರಿ, ಕರ್ತನೇ, ನನ್ನಲ್ಲಿ ಏನು ಕೊರತೆ ಎಂದು ಬಹಳ ಹೊತ್ತು ಕೇಳಿದೆ. ಉತ್ತರ ಬರಲಿಲ್ಲ. ಬಂದಿದ್ದರೂ ನಾನು ತಪ್ಪು ಬಾಗಿಲಲ್ಲಿ ಕಿವಿಯಿಟ್ಟು ಕೂತಿದ್ದೆ ಎಂದು ಈಗ ಅನ್ನಿಸುತ್ತದೆ.

ನಾಲ್ಕನೇ ಸುಗ್ಗಿ ಹತ್ತಿರ ಬಂದಾಗ ನನ್ನ ಜೀವವೆಲ್ಲ ಮೂರನೇ ಕೋಣೆಯ ಫಕೀರವ್ವನಲ್ಲಿತ್ತು. ಅವಳು ಮೈದುನನ ಮೇಲಿನ ಸಿಟ್ಟಿಗೆ ಅವನ ಬಣವೆಗೆ ಬೆಂಕಿ ಇಟ್ಟು ಬಂದವಳು. ಬರುವಾಗ ಬಸುರಿ. ಮಗು ಜೈಲಿನಲ್ಲೇ ಹುಟ್ಟಿತು. ಹೂವಿ ಎಂದು ಏಳೂ ಕೋಣೆಯವರು ಸೇರಿ ಹೆಸರಿಟ್ಟರು. ಜೈಲಿನಲ್ಲಿ ಹುಟ್ಟಿದ ಮಗು ತಾಯಿಯ ಹತ್ತಿರ ಆರು ವರ್ಷ ತುಂಬುವ ತನಕ ಇರಬಹುದು, ಆಮೇಲೆ ಹೊಳೆಯ ಆಚೆ, ಎರಡು ದಿನದ ದಾರಿಯಲ್ಲಿರುವ ಅನಾಥಾಲಯಕ್ಕೆ. ಕರೆದೊಯ್ಯುವ ಕಾಗದ ಬಂದೇಬಿಟ್ಟಿತ್ತು. ಹೂವಿಗೆ ಆರು ತುಂಬಲು ಹದಿನೆಂಟು ದಿನ ಉಳಿದಿತ್ತು. ಸೋಮವಾರ ಕಲ್ಲು ಫಕೀರವ್ವನನ್ನು ಎತ್ತಿದರೆ ತಾಯಿ ಮಗಳು ಕೈಹಿಡಿದು ಊರಿಗೆ, ಎತ್ತದಿದ್ದರೆ ಮಗು ಹೊಳೆಯ ಆಚೆಗೆ.

ಫಕೀರವ್ವ ಹೇಳುವುದನ್ನು ಹೇಳಿ ಮುಗಿಸಿದ್ದಳು, ಅದು ನನಗೆ ಗೊತ್ತಿತ್ತು. ಬೆಂಕಿಯ ವಿಷಯ ಮೊದಲ ವರ್ಷವೇ ಹೇಳಿದಳು. ಬಣವೆಯ ಹಿಂದೆ ಎತ್ತು ಕಟ್ಟಿತ್ತು ಎನ್ನುವುದನ್ನು ಎರಡನೇ ವರ್ಷ ಹೇಳಿದಳು. ಆ ಎತ್ತು ತನ್ನ ಕೈಯಿಂದಲೇ ಹಿಂಡಿ ತಿಂದು ಬೆಳೆದದ್ದು, ಅದು ಕೂಗಿದಾಗ ಅದಕ್ಕೆ ತನ್ನ ಗುರುತು ಹತ್ತಿತ್ತು, ತಾನು ಹಗ್ಗ ಬಿಚ್ಚಲು ಹೋಗದೆ ಓಡಿದೆ ಎನ್ನುವುದನ್ನು ಹೇಳಲು ಮತ್ತೆ ಮೂರು ವರ್ಷ ಬೇಕಾಯಿತು. ಹೇಳಿದ ದಿನ ಮೊರ ಕೆಳಗಿಟ್ಟು ನನ್ನ ತೊಡೆಯ ಮೇಲೆ ತಲೆಯಿಟ್ಟಳು. "ಇನ್ನ ಒಳಗ ಏನೂ ಇಲ್ರಿ ಅಮ್ಮಾರ. ಕೊಡ ಬೋರಲ ಹಾಕಿದಂಗ ಆಗೇತಿ" ಎಂದಳು. ಹಾಗೆಂದದ್ದು ಕಳೆದ ಸುಗ್ಗಿಗೂ ಮೊದಲೇ. ಆದರೂ ಕಳೆದ ಸುಗ್ಗಿಯಲ್ಲಿ ತಟ್ಟೆ ಅಲುಗಲಿಲ್ಲ. ಅಂದಿನಿಂದ ಅವಳಿಗೆ ತನ್ನ ಮೇಲೆಯೇ ನಂಬಿಕೆ ಹೋಯಿತು. ತನಗೇ ಗೊತ್ತಿಲ್ಲದ ಪಾಪ ಏನೋ ಇರಬೇಕೆಂದು ಹುಡುಕಿ ಹುಡುಕಿ, ಮಾಡದೆ ಇದ್ದದ್ದನ್ನೂ ಮಾಡಿದೆ ಎಂದು ಹೇಳತೊಡಗಿದಳು. ಚಿಕ್ಕಂದಿನಲ್ಲಿ ಕದ್ದು ತಿಂದ ಬೆಲ್ಲ, ಅತ್ತೆಯನ್ನು ಮನಸ್ಸಿನಲ್ಲೇ ಬೈದದ್ದು.

ತೂಕಕ್ಕೆ ಮೂರು ದಿನ ಮುಂಚಿನ ಶುಕ್ರವಾರ. ನಾನು ಅಂಗಳದಲ್ಲಿ ಕನ್ನಡಕ ಒರೆಸುತ್ತಿದ್ದೆ. ಹೂವಿ ತಕ್ಕಡಿಯ ತಟ್ಟೆಯಲ್ಲಿ ಕೂತು ಕಾಲಿನಿಂದ ಕೊಕ್ಕೆ ಜಾರಿಸಿದಳು. ಅದು ಅವಳ ಆಟ. ಮಕ್ಕಳಲ್ಲಿ ಹೇಳದ ಮಾತೇನಿರುತ್ತದೆ, ಕಲ್ಲು ಅವಳನ್ನು ಸೊಂಟದೆತ್ತರಕ್ಕೆ ಎತ್ತುತ್ತದೆ. ಅವಳು ಮೇಲೆ ಕೂತು ಕಾಲಾಡಿಸುತ್ತಾಳೆ. ತುಂಗಾಬಾಯಿ ದೂರದಿಂದ ಗದರಿದರೆ ಇಳಿಯುತ್ತಾಳೆ. ತುಂಗಾಬಾಯಿ ಯಾರನ್ನೂ ಮುಟ್ಟುವವಳಲ್ಲ, ಏನಿದ್ದರೂ ಲಾಠಿಯ ತುದಿಯಿಂದ ತೋರಿಸುವುದು. ಆದರೆ ಅಂದು ಹೂವಿ ಇಳಿಯಲಿಲ್ಲ. ಒಂದು ಸಲ, ಎರಡು ಸಲ, ಮೂರು ಸಲ ಗದರಿದರೂ ನಕ್ಕಳು. ತುಂಗಾಬಾಯಿ ಬಂದು ಅವಳನ್ನು ಇಳಿಸಿಕೊಳ್ಳಲೆಂದು ಹೆಗಲ ಮೇಲೆ ಕೈಯಿಟ್ಟಳು.

ತಟ್ಟೆ ಬಂಡೆ ಬಿದ್ದ ಹಾಗೆ ನೆಲಕ್ಕೆ ಬಡಿಯಿತು. ಆ ಕಡೆ ಬಿಡುಗಡೆ ಕಲ್ಲು ಜಿಗಿದು ತಲೆಯೆತ್ತರದಲ್ಲಿ ನೇತಾಡಿತು. ಹೂವಿ ಅಳಲಿಲ್ಲ, ಹೆಗಲು ಉಜ್ಜಿಕೊಳ್ಳುತ್ತ ಮೇಲೆ ನೋಡಿ, "ಬಾಯಾರ, ನಿಮ್ಮ ಕೈ ಭಾಳ ಭಾರ ಐತ್ರಿ" ಎಂದಳು.

ಅಂಗಳದಲ್ಲಿ ಇದ್ದವರು ನಾವು ಮೂವರೇ. ತುಂಗಾಬಾಯಿ ಕೈಯನ್ನು ಕೆಂಡ ಮುಟ್ಟಿದವಳ ಹಾಗೆ ಹಿಂದಕ್ಕೆ ಎಳೆದುಕೊಂಡಳು. ನನ್ನ ಕಡೆ ನೋಡಿದಳು. ನಾನು ನೋಡಿದ್ದನ್ನು ಅವಳು ನೋಡಿದಳು. ಅವಳು ಹೋಗಿ ಬಿಂದಿಗೆಗೆ ನೀರು ತುಂಬಿಸತೊಡಗಿದಳು, ಅದು ಮೊದಲೇ ತುಂಬಿತ್ತು.

ಆ ಸಂಜೆ ಬೇವಿನ ಗಿಡದ ಕೆಳಗೆ ಟಾಂಗಾದ ಮೋದಿನಸಾಬ ಎಂದಿನ ಪ್ರಶ್ನೆ ಕೇಳಿದ, ನಾನು ಎಂದಿನ ಹಾಗೆ ಇಲ್ಲಪ್ಪ ಎಂದು ಹತ್ತಿದೆ. ಟಾಂಗಾ ಕಿರುಗುಟ್ಟಿ ಹಿಂದಕ್ಕೆ ವಾಲಿತು. ಕುದುರೆ ಕತ್ತು ತಿರುಗಿಸಿ ನನ್ನನ್ನು ನೋಡಿತು. "ಅಮ್ಮಾರ, ಹನ್ನೊಂದು ವರ್ಷದಾಗ ಇದು ಮೊದಲನೇ ಸರ್ತೆ. ಏನೋ ಇಟಗೊಂಡೀರಿ" ಎಂದ ಅವನು. ನಾನು ಇಳಿದು ನಡೆದುಕೊಂಡೇ ಹೋದೆ. ಹೆಂಗಸರು ನನಗೆ ಹೇಳಿದ್ದನ್ನು ದೇವರ ಮುಂದೆ ಇಳಿಸುವುದು ಅಭ್ಯಾಸವಾಗಿತ್ತು. ಇದನ್ನು ಯಾರೂ ನನಗೆ ಹೇಳಿರಲಿಲ್ಲ, ನಾನು ಕಂಡುಬಿಟ್ಟಿದ್ದೆ. ಇಳಿಸಲು ಹೋದರೆ ಅದು ಇಳಿಯಲೇ ಇಲ್ಲ.

ಶನಿವಾರ ಸಾಹೇಬರ ಕಚೇರಿಗೆ ಹೋದೆ. ಈ ಸಲ ಹೆಗಲ ಮೇಲೆ ಬೇರೆ ಯಾರದಾದರೂ ಕೈ ಇರಲಿ ಎಂದು ಕೇಳಿದೆ. ಅವರು ನಿಯಮದ ಪುಸ್ತಕ ತೆಗೆದು, ಹೆಂಗಸರ ಅಂಗಳದ ವಾರ್ಡರ್ ಅಲ್ಲದವರು ಕೈದಿಯನ್ನು ಮುಟ್ಟಕೂಡದು, ಅವಳಿಲ್ಲದಿದ್ದರೆ ತೂಕ ಮುಂದಿನ ವರ್ಷಕ್ಕೆ ಎಂದು ಓದಿದರು. ಯಾಕೆ ಕೇಳ್ತೀರಿ ಎಂದರು. ಹೇಳಿಬಿಡಬಹುದಿತ್ತು. ಭಾರ ಇರುವ ವಾರ್ಡರನ್ನು ಅಂದೇ ಮನೆಗೆ ಕಳಿಸುತ್ತಾರೆ, ಅವಳು ಆ ಭಾರವನ್ನು ಹೊತ್ತುಕೊಂಡೇ ಹೋಗುತ್ತಾಳೆ, ಇನ್ನು ಯಾರಿಗೂ ಹೇಳುವುದಿಲ್ಲ. ಇತ್ತ ತೂಕವೂ ನಿಲ್ಲುತ್ತದೆ, ಆರು ತುಂಬಿದೊಡನೆ ಮಗು ಹೊಳೆಯ ಆಚೆಗೆ. ನಾನು ಸುಮ್ಮನೆ ಕೇಳಿದೆ ಸಾಹೇಬರೇ ಎಂದು ಎದ್ದೆ. ಕುರ್ಚಿ ಭಾರ ಇಳಿದ ಹಾಗೆ ಕಿರ್ರೆಂದಿತು. ಸಾಹೇಬರು ಕನ್ನಡಕದ ಮೇಲಿಂದ ನೋಡಿದರು.

ನಡೆದು ಬರುವಾಗ ನನಗೆ ನೆನಪಾಯಿತು. ನಮ್ಮ ವೇದಪುಸ್ತಕ ಬೈಬಲಿನಲ್ಲಿ ಸೆರೆಮನೆಯ ಬಾಗಿಲುಗಳು ತಾವಾಗಿ ತೆರೆದುಕೊಂಡ ಪ್ರಸಂಗ ಇದೆ, ಅದನ್ನು ನಾನು ಆ ಅಂಗಳದಲ್ಲಿ ಕಡಿಮೆಯೆಂದರೆ ನೂರು ಸಲ ಓದಿದ್ದೇನೆ. ಓದುವಾಗೆಲ್ಲ ನನ್ನ ಬೆರಳು ಸೆರೆಯಾಳುಗಳ ಮೇಲೆ ನಿಲ್ಲುತ್ತಿತ್ತು. ಅದೇ ಪುಟದಲ್ಲಿ ಒಬ್ಬ ಕಾವಲುಗಾರನೂ ಇದ್ದಾನೆ, ಆ ರಾತ್ರಿ ಎಲ್ಲರಿಗಿಂತ ಹೆಚ್ಚು ನಡುಗಿದವನು ಅವನೇ. ಅವನ ಸಾಲಿನ ಮೇಲೆ ನನ್ನ ಬೆರಳು ಒಂದು ದಿನವೂ ನಿಂತಿರಲಿಲ್ಲ. ಹನ್ನೊಂದು ವರ್ಷ ಬಾಗಿಲಲ್ಲಿ ನಿಂತವಳ ಪಕ್ಕದಿಂದ ಹಾದು ಒಳಗೆ ಹೋಗಿದ್ದೇನೆ, ಸೀತವ್ವನಿಗೂ ತುಂಗಾಬಾಯಿಗೂ ನಾನು ಆಡಿದ ಮಾತು ಒಂದೇ: ಕೀಲಿ ತೆಗೀರಿ. ನನ್ನ ಕೊರತೆ ಏನೆಂದು ದೇವರನ್ನು ಕೇಳಿದ್ದೆನಲ್ಲ, ಅದು ಹೋದಾಗಲೆಲ್ಲ ನನಗೆ ಬಾಗಿಲು ತೆಗೆಯುತ್ತಿತ್ತು.

ಭಾನುವಾರ ಆರಾಧನೆ ಮುಗಿಸಿ ನೇರವಾಗಿ ಜೈಲಿಗೆ ನಡೆದೆ. ನನ್ನನ್ನು ಕಂಡು ತುಂಗಾಬಾಯಿ ಕೀಲಿಗೊಂಚಲು ತೆಗೆದಳು. ಒಳಗೆ ಹೋಗುವುದಿಲ್ಲ ಎಂದೆ. ಅವಳ ಪಕ್ಕದ ಬಿರುಕು ಬಿಟ್ಟ ಮೆಟ್ಟಿಲ ಮೇಲೆ ಕೂತು ಮೊರ ತೆಗೆದೆ. ಜೋಳ ಮನೆಯಿಂದಲೇ ತಂದಿದ್ದೆ. ಅವಳು ನಿಂತೇ ಇದ್ದಳು. ನಾನು ಕಲ್ಲು ಆರಿಸತೊಡಗಿದೆ.

ಕೊನೆಗೆ ಅವಳೇ, "ಕೇಳಾಕ ಬಂದೀರೇನ್ರಿ?" ಎಂದಳು.

"ಇಲ್ಲವ್ವ, ಹೇಳಾಕ ಬಂದೀನಿ" ಎಂದೆ.

ಹೇಳಿದೆ. ರಾತ್ರಿ ಶಾಲೆಯ ಮೊದಲ ಪರೀಕ್ಷೆಯಲ್ಲಿ ನನಗೆ ಮೊದಲ ಬಹುಮಾನ ಬಂದಿತ್ತು, ಈ ಕೀರ್ತನೆ ಪುಸ್ತಕ. ಪಾದ್ರಿಗಳು ನಾಲ್ಕು ಜನರೆದುರು ಬೆನ್ನು ತಟ್ಟಿ ಕೊಟ್ಟದ್ದು. ಆ ದಿನ ನನಗೆ ಒತ್ತಕ್ಷರ ಒಂದೂ ಬರುತ್ತಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಸುಗಂಧಿಯ ಪಾಟಿಯನ್ನು ಇಣುಕಿ ನೋಡಿ ಅಷ್ಟೂ ಬರೆದಿದ್ದೆ. ಪಾಪ, ಅವಳಿಗೆ ಎರಡನೇ ಬಹುಮಾನ ಬಂತು, ಏಕೆಂದರೆ ನನ್ನ ಅಕ್ಷರ ದುಂಡಗಿತ್ತು. ಇಪ್ಪತ್ತಾರು ವರ್ಷದಿಂದ ಅದೇ ಪುಸ್ತಕ ಹಿಡಿದು ಊರಿಗೆಲ್ಲ ನಿಜ ಹೇಳಿರೆಂದು ಹಾಡುತ್ತಿದ್ದೇನೆ. ಅದೊಂದು ಚೂರು ಮಾತು, ಮಂಚಕ್ಕೂ ತಿಳಿಯದಷ್ಟು ಸಣ್ಣದು, ಯಾರಿಗೂ ಹೇಳಿರಲಿಲ್ಲ.

ತುಂಗಾಬಾಯಿ ನಕ್ಕಳು. ನಾಲ್ಕು ವರ್ಷದಲ್ಲಿ ಮೊದಲ ಸಲ. ಲಾಠಿ ಗೋಡೆಗೆ ಒರಗಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಒಳಗಿನ ಕೋಣೆಗಳಲ್ಲಿ ಹೆಂಗಸರು ಏನಾಯಿತೋ ಎಂದು ಸರಳಿಗೆ ಮುಖ ಹಚ್ಚಿದರು. ನಗು ನಿಂತ ಮೇಲೆ ನಾನು ಉಳಿದದ್ದನ್ನೂ ಹೇಳಿದೆ. ಇಷ್ಟು ವರ್ಷ ನಿನ್ನನ್ನು ಕೀಲಿ ಮಾತ್ರ ಕೇಳಿದೆ, ಅದು ನನ್ನ ತಪ್ಪು ಎಂದೆ. ಸಾಹೇಬರ ಹತ್ತಿರ ಹೋಗಿದ್ದೆ, ನಿನ್ನ ಹೆಸರು ಎತ್ತಲಿಲ್ಲ ಎಂದೆ. ಮತ್ತೂ ಒಂದು ಮಾತು ಉಳಿದಿತ್ತು. "ಆದರ ನಾಳೆ ತಟ್ಟಿ ಏಳಲಿಲ್ಲ ಅಂದ್ರ ನಾ ಸುಮ್ಮನ ಇರಾಂಗಿಲ್ಲವ್ವ. ಕೂಸಿನ ಸಲುವಾಗಿ ಎಲ್ಲಾರ ಮುಂದ ಹೇಳ್ತೀನಿ. ನಿನ್ನ ಹಿಂದ ಹೇಳಬಾರದಂತ ನಿನಗ ಮೊದಲ ಹೇಳಾಕ ಬಂದೆ."

ಅವಳು ತನ್ನ ಬಲಗೈಯನ್ನು ತಿರುವಿ ತಿರುವಿ ನೋಡಿಕೊಂಡಳು. ರಜೆ ಹಾಕುತ್ತೇನೆಂದು ತಾನೂ ಸಾಹೇಬರನ್ನು ಕೇಳಿದ್ದಾಗಿಯೂ, ನೀನಿಲ್ಲದಿದ್ದರೆ ತೂಕವೇ ಇಲ್ಲ ಎಂದು ಅವರು ಅದೇ ಪುಸ್ತಕ ಓದಿದ್ದಾಗಿಯೂ ಹೇಳಿದಳು. ಭಾರ ಏನೆಂದು ನಾನು ಕೇಳಲಿಲ್ಲ. ಹಸನಾದ ಜೋಳವನ್ನು ಅವಳಿಗೇ ಕೊಟ್ಟು ಬಂದೆ. ಅಂದು ಮೋದಿನಸಾಬನ ಕುದುರೆ ನನ್ನನ್ನು ಎಳೆದುಕೊಂಡು ಸೇತುವೆ ಹತ್ತಿತು.

ಸೋಮವಾರ ಅಂಗಳ ಸಾರಿಸಿದ್ದರು. ಸಾಹೇಬರು ಮೇಜು ಹಾಕಿಸಿ, ದೊಡ್ಡ ಪುಸ್ತಕ ತೆರೆದು ಕೂತಿದ್ದರು. ಮಗುವನ್ನು ಮೊದಲೇ ನೋಡಿ ಹೋಗಲು ಅನಾಥಾಲಯದಿಂದ ಬಂದ ಹೆಂಗಸು ಮೂಲೆಯ ಕುರ್ಚಿಯಲ್ಲಿ, ತೊಡೆಯ ಮೇಲೆ ಒಂದು ಹೊಸ ಲಂಗ ಇಟ್ಟುಕೊಂಡು ಕೂತಿದ್ದಳು. ಕೆಟ್ಟವಳೇನಲ್ಲ, ಮಗುವಿಗೆ ಬಣ್ಣ ಒಪ್ಪುತ್ತದೋ ಇಲ್ಲವೋ ಎಂದು ನನ್ನನ್ನು ಕೇಳಿದಳು. ಮೊದಲ ಹೆಸರು ಫಕೀರವ್ವನದು. ಅವಳು ತಟ್ಟೆಯಲ್ಲಿ ಕೂತಳು. ಹೂವಿ ಕಂಬ ಹಿಡಿದು ನಿಂತು, ಕಾಲು ಮೇಲೆ ತೊಗೋ ಎಂದು ತಾಯಿಗೆ ಹೇಳಿಕೊಟ್ಟಳು. ತುಂಗಾಬಾಯಿ ಬಂದಳು. ಹೆಗಲ ಮೇಲೆ ಕೈಯಿಡುವ ಮೊದಲು ಒಂದು ಕ್ಷಣ ಗಾಳಿಯಲ್ಲಿ ಆ ಕೈ ನಿಂತಿತು. ಆಮೇಲೆ ಇಟ್ಟಳು. ಎಡಗೈಯಿಂದ ಕೊಕ್ಕೆ ಬಿಚ್ಚಿದಳು.

ತಟ್ಟೆ ಅಲುಗಲಿಲ್ಲ. ನೆಲಕ್ಕೆ ಬೇರು ಬಿಟ್ಟ ಹಾಗೆ ಕೂತಿತ್ತು. ಫಕೀರವ್ವ ಕಣ್ಣು ಮುಚ್ಚಿ, ಬೆಲ್ಲ ಕದ್ದಿದ್ದೆ, ಅತ್ತೆಗೆ ಬೈದಿದ್ದೆ ಎಂದು ಸಣ್ಣಗೆ ಗೊಣಗತೊಡಗಿದಳು. ಸಾಹೇಬರು ಲೇಖನಿಯನ್ನು ಮಸಿಗೆ ಅದ್ದಿದರು. ನಾನು ಎದ್ದು ನಿಂತೆ.

"ಸಾಹೇಬ್ರ, ಬರೀಬ್ಯಾಡ್ರಿ" ಎಂದಳು ತುಂಗಾಬಾಯಿ. ಕೈ ತೆಗೆಯಲಿಲ್ಲ. "ಆ ಭಾರ ಆಕೀದಲ್ಲ. ನಂದು."

ಸಾಹೇಬರ ಲೇಖನಿಯಿಂದ ಒಂದು ಹನಿ ಮಸಿ ಪುಸ್ತಕದ ಮೇಲೆ ಬಿತ್ತು, ಅವರು ಅದನ್ನು ನೋಡಲೂ ಇಲ್ಲ. ತುಂಗಾಬಾಯಿ, ನಾಲ್ಕು ವರ್ಷದ ಹಿಂದೆ ಮುದುಕಿ ದ್ಯಾಮವ್ವ ತೀರಿಕೊಂಡಿದ್ದ ಎದುರಿನ ಐದನೇ ಕೋಣೆಯ ಬಾಗಿಲನ್ನು ನೋಡುತ್ತ ಮಾತಾಡಿದಳು.

"ದ್ಯಾಮವ್ವ ನಿದ್ದ್ಯಾಗ ಸತ್ಲು ಅಂತ ನಾ ಬರದುಕೊಟ್ಟೆ. ಆಕಿ ನಿದ್ದಿ ಮಾಡಿರಲಿಲ್ರಿ. ಮಧ್ಯಾಹ್ನದ ಕೀಲಿ ಹಾಕಿದ ಮ್ಯಾಲೆ ನೀರು ಕೇಳಿದ್ಲು. ಮೂರು ಸರ್ತೆ ಕೇಳಿದ್ಲು. ನಾ ಹೊಸಬಾಕಿ. ಗಂಟಿ ಆಗೂತನ ಕೀಲಿ ತಿರುವಬ್ಯಾಡ, ತಲಿ ಮ್ಯಾಲೆ ಕೂರ್ತಾರ ಅಂತ ಕಲಿಸಿದ್ರು. ಬಿಂದಿಗಿ ನನ್ನ ಕಾಲ ಹತ್ರನ ಇತ್ತು. ಸರಳಿನಾಗಿಂದ ಒಂದು ಚರಿಗಿ ಕೊಡಬಹುದಾಗಿತ್ತು, ಕೀಲಿನೂ ಬೇಕಾಗಿರಲಿಲ್ಲ. ಗಂಟಿ ಆಗ್ಲಿ ತಡಿ ಮುದುಕಿ, ಅಂದೆ. ಗಂಟಿ ಆತು. ತುಂಬಿದ ಚರಿಗಿ ತೊಗೊಂಡು ಹೋದೆ. ಕೈ ಚಾಚಿಕೊಂಡ ಮಲಗಿದ್ಲು, ಸರಳಿನ ಕಡೆ."

"ಆ ಕೈಯನ್ನ ಮಡಿಚಿ ಎದಿ ಮ್ಯಾಲೆ ಇಟ್ಟಾಕಿ ನಾನ" ಎಂದಳು ತುಂಗಾಬಾಯಿ. "ನಿದ್ದ್ಯಾಗ ಹೋದಂಗ ಕಾಣಲಿ ಅಂತ. ಈ ಕೈಯಿಂದನ."

ಆಗ ತಟ್ಟೆ ಅಲುಗಿತು. ನಾನು ಕಣ್ಣಾರೆ ಕಂಡೆ. ಮೊದಲು ಒಂದು ಬೆರಳಿನಷ್ಟು ಎದ್ದಿತು, ನೆಲದ ಧೂಳು ಕೆಳಗೆ ಉದುರಿತು. ಆಮೇಲೆ ಒಂದು ಗೇಣು. ತುಂಗಾಬಾಯಿ ಅಳುತ್ತಿದ್ದಳು, ಅವಳು ಅತ್ತಷ್ಟೂ ತಟ್ಟೆ ಏರಿತು. ಫಕೀರವ್ವ ಸರಪಳಿ ಹಿಡಿದುಕೊಂಡು ಕಣ್ಣು ಬಿಟ್ಟಳು. ಹೆಗಲ ಮೇಲಿದ್ದ ಕೈ ಹೆಗಲಿನ ಜೊತೆಗೇ ಏರಿತು, ಮೊದಲು ಮೊಣಕೈ ಬಿಚ್ಚಿಕೊಂಡಿತು, ಕೊನೆಗೆ ಆ ಕೈ ಇಡಿಯಾಗಿ ಮೇಲಕ್ಕೆ ಚಾಚಿಕೊಂಡು ನಿಂತಿತು. ಆ ಕಡೆ ಕರಿಕಲ್ಲು ಮೆತ್ತಗೆ ನೆಲ ಮುಟ್ಟಿತು. ಏಳೂ ಕೋಣೆಗಳಿಂದ ಒಂದು ಕೂಗು ಎದ್ದಿತು ನೋಡಿ, ನಮ್ಮ ದೇವಾಲಯದಲ್ಲಿ ಹಬ್ಬದ ದಿನ ಎಲ್ಲ ಕಂಠಗಳೂ ಸೇರಿ ಹಾಡಿದಾಗಲೂ ನಾನು ಅಂಥದ್ದನ್ನು ಕೇಳಿಲ್ಲ. ಹೂವಿ ಮಾತ್ರ, ಅವ್ವ ಇನ್ನೂ ಕಾಲು ಆಡಿಸುತ್ತಿಲ್ಲ ಎಂದು ಬೇಸರಪಟ್ಟುಕೊಂಡಳು.

ಸಾಹೇಬರು ಪುಸ್ತಕ ಮುಚ್ಚಲಿಲ್ಲ, ಮುಂದಿನ ಹೆಸರು ಕರೆದರು. ಒಬ್ಬೊಬ್ಬರೇ ಬಂದು ಕೂತರು, ಅದೇ ಕೈ ಅವರ ಹೆಗಲ ಮೇಲೆ ಕೂತಿತು. ಏಳು ಹೆಂಗಸರಲ್ಲಿ ಫಕೀರವ್ವನೂ ಸೇರಿ ಐವರು ಎದ್ದರು. ಎರಡು ವರ್ಷ, ಮೂರು ವರ್ಷ ಹಿಂದೆಯೇ ಹೋಗಬೇಕಾದವರು, ತಾವೇ ಕೆಟ್ಟವರೆಂದು ನಂಬಿಕೊಂಡು ಕೂತಿದ್ದವರು. ಉಳಿದ ಇಬ್ಬರಲ್ಲಿ ಒಬ್ಬಳು ಏಳದಿದ್ದ ತಟ್ಟೆಯಿಂದ ಇಳಿದು ನೇರವಾಗಿ ನನ್ನ ಹತ್ತಿರ ಬಂದು, ನಂದು ನಿಜವಾಗೂ ಐತ್ರಿ ಅಮ್ಮಾರ, ನಾಳೆ ಜೋಳ ತೊಗೊಂಡು ಬರ್ರಿ ಎಂದಳು. ಅನಾಥಾಲಯದ ಹೆಂಗಸು ಹೊಸ ಲಂಗವನ್ನು ಹೂವಿಗೇ ಕೊಟ್ಟು, ಖಾಲಿ ಕೈಯಲ್ಲಿ ನಗುತ್ತ ಬಸ್ಸಿಗೆ ಹೋದಳು. ಆ ದಿನ ಮೋದಿನಸಾಬ ಐವರು ಹೆಂಗಸರನ್ನು, ಒಂದು ಮಗುವನ್ನು, ಅವರ ಗಂಟುಗಳನ್ನು, ಮೇಲೆ ನನ್ನನ್ನು ಒಂದೇ ಸಲಕ್ಕೆ ಸೇತುವೆ ದಾಟಿಸಿದ. ಕುದುರೆ ಬರಿ ಗಾಡಿ ಎಳೆದ ಹಾಗೆ ಓಡಿತು.

ತುಂಗಾಬಾಯಿಗೆ ಮೂರು ತಿಂಗಳು ಕೆಲಸದಿಂದ ದೂರವಿರುವ ಶಿಕ್ಷೆಯಾಯಿತು. ಆ ಮೂರು ತಿಂಗಳಲ್ಲಿ ಅವಳು ದ್ಯಾಮವ್ವನ ಮಗನ ಊರಿಗೆ ಹೋಗಿ, ಅವನ ಅಂಗಳದಲ್ಲಿ ನಿಂತು ಅದನ್ನೇ ಮತ್ತೊಮ್ಮೆ ಹೇಳಿದಳು. ನಾನು ಜೊತೆಗೆ ಹೋಗಿದ್ದೆ. ಅವನು ಬಾಗಿಲು ಹಾಕಿಕೊಂಡ. ಕ್ಷಮಿಸಿದ ಎಂದು ನಾನು ಬರೆಯಲಾರೆ. ನಾವು ಹೊರಡುವ ಹೊತ್ತಿಗೆ ಬಾಗಿಲು ತೆರೆದು ಒಂದು ತಂಬಿಗೆ ನೀರು ಹೊರಗಿಟ್ಟು ಮತ್ತೆ ಹಾಕಿಕೊಂಡ, ಅಷ್ಟನ್ನು ಬರೆಯಬಲ್ಲೆ. ಜೈಲಿನಲ್ಲಿ ಈಗ ಪ್ರತಿ ಕೋಣೆಯ ಒಳಗೂ, ಸರಳಿಗೆ ಕೈ ಎಟಕುವಲ್ಲಿ, ಒಂದೊಂದು ಮಣ್ಣಿನ ಹೂಜಿ ಇದೆ. ನಿಯಮದ ಪುಸ್ತಕದಲ್ಲಿ ಸಾಹೇಬರು ಕೈಯಾರೆ ಒಂದು ಸಾಲು ಸೇರಿಸಿದ್ದಾರೆ: ಪ್ರಾರ್ಥನೆಯವರು ಮೊದಲು ಬಾಗಿಲಲ್ಲಿ ಕೂರತಕ್ಕದ್ದು, ಒಳಗೆ ಆಮೇಲೆ. ಬುಧವಾರ ನಾನು ಕಚೇರಿಯ ಕಡೆ ಹೋಗುತ್ತೇನೆ. ಮೊದಲ ಬುಧವಾರ ಸಾಹೇಬರು ತಾವೇ ಮೊರ ಹಿಡಿದು ಕೂತರು. ಅವರಿಗೆ ಕಲ್ಲು ಆರಿಸಲು ಬರುವುದಿಲ್ಲ, ಕಾಳನ್ನೇ ಎಸೆಯುತ್ತಾರೆ.

ಆದರೆ ಆ ಸೋಮವಾರ ನಾವು ಟಾಂಗಾ ಹತ್ತುವ ಮೊದಲು ಇನ್ನೊಂದು ನಡೆಯಿತು. ಅದನ್ನು ಹೇಳದೆ ಬಿಟ್ಟರೆ ಈ ಹಾಳೆಗಳನ್ನು ಎತ್ತಲು ನನಗೇ ಕಷ್ಟವಾದೀತು. ಐದು ಹೆಸರು ಬರೆದು ಮುಗಿದಿತ್ತು, ಬಾಗಿಲು ತೆರೆದಿತ್ತು. ತುಂಗಾಬಾಯಿ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟು, ನನ್ನನ್ನೂ ತೂಗ್ರಿ ಸಾಹೇಬ್ರ ಎಂದಳು. ಸಾಹೇಬರು ಪುಟ ತಿರುವಿದರು. ವಾರ್ಡರನ್ನು ತೂಗುವಾಗ ಹೆಗಲ ಮೇಲೆ ಯಾರ ಕೈ ಇರಬೇಕೆಂದು ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ. ಹಿಂದಕ್ಕೂ ಮುಂದಕ್ಕೂ ಹುಡುಕಿದರು. ಅಷ್ಟರಲ್ಲಿ ಫಕೀರವ್ವ ತನ್ನ ಗಂಟನ್ನು ಮಗಳ ಕೈಗೆ ಕೊಟ್ಟು ಹಿಂದಕ್ಕೆ ಬಂದಳು. "ಕುಂದರ್ರಿ ಬಾಯಾರ, ನಾ ಹಿಡೀತೀನಿ" ಎಂದಳು.

ತುಂಗಾಬಾಯಿ ಕೂತಳು. ನಾಲ್ಕು ವರ್ಷದಲ್ಲಿ ಅವಳು ಕೂತದ್ದನ್ನು ಅಂದೇ ನಾವು ನೋಡಿದ್ದು. ಫಕೀರವ್ವನ ಕೈ ಅವಳ ಹೆಗಲ ಮೇಲೆ ಬಂತು. ಹೂವಿ ಬಗ್ಗಿ ಕೊಕ್ಕೆ ಜಾರಿಸಿದಳು, ಆ ಕೆಲಸದಲ್ಲಿ ಅವಳಷ್ಟು ಪಳಗಿದವರು ಅಂಗಳದಲ್ಲಿ ಬೇರೆ ಯಾರೂ ಇರಲಿಲ್ಲ. ತಟ್ಟೆ ಏರಿತು. ಖಾಕಿ ಸೀರೆಯ ಆ ದೊಡ್ಡ ಹೆಂಗಸು ಸೊಂಟದೆತ್ತರದಲ್ಲಿ, ಸರಪಳಿ ಬಿಗಿಯಾಗಿ ಹಿಡಿದು, ಬಿದ್ದೇನೋ ಎನ್ನುವ ಮುಖದಲ್ಲಿ ತೂಗಿದಳು.

"ಹಂಗಲ್ರಿ ಬಾಯಾರ" ಎಂದಳು ಹೂವಿ ಕೆಳಗಿನಿಂದ. "ಕಾಲು ಆಡಸ್ರಿ."

ಅವಳು ಆಡಿಸಿದಳು.